ಹೊಟ್ಟೆಯುರಿಗೆ ಮಾತ್ರೆ ಕೊಡಿ ಅಂದರೆ: ಒಂದು ಅನುವಾದ ಆ್ಯಪ್ ಜೊತೆ ಐದು ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡೂವರೆ ಸ್ಟಾರ್. ಆ ಎರಡೂವರೆಯೂ ಬಸ್ಸು, ಬಾಡಿಗೆ, ತರಕಾರಿ ಮಾತಿಗೆ ಕೊಟ್ಟಿದ್ದು. ಮೈಕೈ ಮಾತಿಗೆ ಬಂದರೆ ಅರ್ಧ ಕೊಟ್ಟರೂ ದಂಡ. ಆ್ಯಪ್ ಹೆಸರು ಬರೆಯುವುದಿಲ್ಲ. ಇದೇ ತರದ ಇನ್ನೆರಡನ್ನು ಒಂದೊಂದು ವಾರ ಬಳಸಿ ನೋಡಿದ್ದೇನೆ, ಎಲ್ಲ ಒಂದೇ ಬಳ್ಳಿಯ ಕಾಯಿಗಳು, ಒಬ್ಬರನ್ನೇ ಬೈದು ಪ್ರಯೋಜನ ಇಲ್ಲ.

ನನ್ನ ಕೆಲಸ ಪೀಣ್ಯದಲ್ಲಿ, ಒಂದು ಸಣ್ಣ ಕ್ಲಿನಿಕ್ಕಿನ ರಿಸೆಪ್ಷನ್. ಬಂದವರ ಹೆಸರು ಬರೆದುಕೊಳ್ಳುವುದು, ಬಿಪಿ ನೋಡುವುದು, ಏನು ತೊಂದರೆ ಅಂತ ಕೇಳಿ ಚೀಟಿಯಲ್ಲಿ ಎರಡು ಸಾಲು ಬರೆದು ಒಳಗೆ ಕಳಿಸುವುದು. ಸುತ್ತ ಎಲ್ಲ ಗಾರ್ಮೆಂಟ್ಸು, ಲೇತ್ ಮಷೀನಿನ ಶೆಡ್ಡುಗಳು. ಒಂದು ಬೆಳಗ್ಗೆ ಅನ್ನುವಷ್ಟರಲ್ಲಿ ಬಿಹಾರದವರು, ಒಡಿಶಾದವರು, ಕರ್ನೂಲು ಕಡೆಯವರು, ಧರ್ಮಪುರಿಯವರು, ನಮ್ಮ ರಾಯಚೂರು ಪಾವಗಡದವರು ಎಲ್ಲರೂ ಬಂದು ಹೋಗಿರುತ್ತಾರೆ. ನನಗೆ ಕನ್ನಡ ಬಿಟ್ಟರೆ ತಮಿಳು ತೆಲುಗು ಅಷ್ಟಿಷ್ಟು, ಹಿಂದಿ ಅಂತೂ ಬರೀ ಸಿನಿಮಾ ಹಿಂದಿ. ಹೊಸದಾಗಿ ಬಂದ ಡಾಕ್ಟರ್ ಮೇಡಂ ಕೇರಳದವರು, ಕನ್ನಡ ಈಗ ಕಲಿಯುತ್ತಿದ್ದಾರೆ. ಅವರೇ ಹೇಳಿದ್ದು, ಇಂಥದೊಂದು ಆ್ಯಪ್ ಇದೆ, ನಾವು ಮಾತಾಡಿದ್ದನ್ನು ಇನ್ನೊಂದು ಭಾಷೆಯಲ್ಲಿ ಮಾತಾಡಿ ಕೇಳಿಸುತ್ತದೆ, ಹಾಕಿಸಿಕೊಳ್ಳೋಣ ಅಂತ. ವರ್ಷಕ್ಕೆ 1,499 ರೂಪಾಯಿ. ಜಾಹೀರಾತಿನಲ್ಲಿ "ನಿಮ್ಮ ಬೆರಳ ತುದಿಯಲ್ಲಿ 40 ಭಾಷೆ" ಅಂತ ಇತ್ತು. ಭಾಷೆ ಇರಬೇಕಾದ್ದು ನಾಲಿಗೆ ತುದಿಯಲ್ಲಿ ಅಲ್ವಾ? ಆಗಲೇ ಅನುಮಾನ ಬರಬೇಕಿತ್ತು.

ಮೊದಲ ವಾರ ಚೆನ್ನಾಗಿಯೇ ಇತ್ತು. "ಊಟ ಆದ ಮೇಲೆ ಒಂದು", "ಮೂರು ದಿನ ಬಿಟ್ಟು ಬನ್ನಿ", "ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು", ಇದೆಲ್ಲ ಹಿಂದಿಗೂ ಒಡಿಯಾಗೂ ಸಲೀಸಾಗಿ ಹೋಯಿತು. ಒಡಿಯಾ ಎಷ್ಟು ಶುದ್ಧವಾಗಿತ್ತೋ ನಾನೇನು ಕಂಡೆ, ಕೇಳಿಸಿಕೊಂಡವರು ಮಾತ್ರ ಸರಿಯಾದ ದಿನಕ್ಕೆ ಖಾಲಿ ಹೊಟ್ಟೆಯಲ್ಲೇ ಬಂದರು.

ಎಡವಟ್ಟು ಶುರುವಾಗಿದ್ದು ಎರಡನೇ ವಾರ, ಒಬ್ಬರು ಅಜ್ಜಿಯಿಂದ. ಪಾವಗಡ ಕಡೆಯವರು, ಮಗನ ಮನೆಗೆ ಬಂದು ಮೂರು ತಿಂಗಳಾಗಿತ್ತಂತೆ. ನಾನು ಇನ್ನೊಬ್ಬರ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದೆ, ಅಜ್ಜಿ ನನ್ನನ್ನು ದಾಟಿ ಸೀದಾ ಒಳಗೆ ಹೋದರು. ಫೋನು ಮೇಡಂ ಮೇಜಿನ ಮೇಲಿತ್ತು. ಅಜ್ಜಿ ಹೇಳಿದ್ದು ಇಷ್ಟೇ: "ಹೊಟ್ಟೆ ಉರೀತದೆ ಡಾಕ್ಟ್ರಮ್ಮಾ. ರಾತ್ರಿಯೆಲ್ಲಾ ಉರಿ." ಫೋನು ಇಂಗ್ಲಿಷಿನಲ್ಲಿ ಬಹಳ ಗಂಭೀರವಾಗಿ ನುಡಿಯಿತು: ನನಗೆ ಅಸೂಯೆಯಾಗುತ್ತಿದೆ ಡಾಕ್ಟರ್, ರಾತ್ರಿಯಿಡೀ ಅಸೂಯೆ. ಮೇಡಂ ಬಾಗಿಲಿಂದ ತಲೆ ಹೊರಗೆ ಹಾಕಿ, "ಸ್ವಲ್ಪ ಬನ್ನಿ, ಇವರಿಗೆ ಯಾರ ಮೇಲೋ ಕೋಪ ಇದೆ" ಅಂದರು.

ಹೋಗಿ ಪಕ್ಕದಲ್ಲಿ ಕೂತು ಕೇಳಿದೆ. ಊಟ ಆದ ಮೇಲೆ ಜಾಸ್ತಿಯಾ ಅಜ್ಜಿ, ಹುಳಿತೇಗು ಬರುತ್ತಾ? ಬರುತ್ತಂತೆ. ಗ್ಯಾಸ್ಟ್ರಿಕ್ ಅಂತ ಮೇಡಂಗೆ ಹೇಳಿದೆ, ಮಾತ್ರೆ ಬರೆದರು. ಅಜ್ಜಿ ಏಳಲಿಲ್ಲ. ಚೀಟಿ ಕೈಯಲ್ಲಿ ಹಿಡಿದುಕೊಂಡೇ, "ಊರಾಗಿನ ಮನೇನ ಮಾರ್ಬಿಟ್ಟ ಕಣವ್ವಾ ನನ್ ಮಗ. ಒಂದ್ ಮಾತು ಕೇಳ್ಲಿಲ್ಲ. ಹೊಟ್ಟೆ ಉರಿಯಲ್ವಾ?" ಅಂದರು. ಈ ಎರಡನೇ ಹೊಟ್ಟೆಯುರಿ ಗ್ಯಾಸ್ಟ್ರಿಕ್ಕೂ ಅಲ್ಲ, ಅಸೂಯೆಯೂ ಅಲ್ಲ. ಸಂಕಟ. ಫೋನು ಅದಕ್ಕೂ ಅಸೂಯೆ ಅಂತಲೇ ಹೇಳಿತು.

ನೋಡಿ, ಒಂದೇ ಮಾತು ಎಷ್ಟು ಕಡೆ ದುಡಿಯುತ್ತದೆ. ಮೆಣಸಿನಕಾಯಿ ಬಜ್ಜಿ ತಿಂದರೆ ಹೊಟ್ಟೆಯುರಿ, ಮಗ ಮನೆ ಮಾರಿದರೆ ಹೊಟ್ಟೆಯುರಿ, ಪಕ್ಕದ ಮನೆಯವರು ಕಾರು ತಗೊಂಡರೆ ಹೊಟ್ಟೆಯುರಿ. ನಮಗೆ ಯಾಕೆ ಗೊಂದಲ ಆಗುವುದಿಲ್ಲ ಅಂತ ಅವತ್ತು ರಾತ್ರಿ ಪಾತ್ರೆ ತೊಳೆಯುವಾಗ ಯೋಚನೆ ಬಂತು. ಅಸೂಯೆಯ ಹೊಟ್ಟೆಯುರಿ ಯಾವಾಗಲೂ ಬೇರೆಯವರದ್ದು. "ಅವಳಿಗೆ ಹೊಟ್ಟೆಯುರಿ" ಅನ್ನುತ್ತೇವೆ, ತನಗೇ ಅಸೂಯೆ ಅಂತ ಯಾರಾದರೂ ಟೋಕನ್ ತಗೊಂಡು ಡಾಕ್ಟರ ಹತ್ತಿರ ಬಂದು ಹೇಳಿಕೊಳ್ಳುತ್ತಾರಾ? ಈ ಸಣ್ಣ ಲೆಕ್ಕ ಆ್ಯಪ್‌ಗೆ ಬರುವುದಿಲ್ಲ.

ಮೇಡಂಗೆ ವಿವರಿಸಿದಾಗ ಅವರು ಜೋರಾಗಿ ನಕ್ಕರು. ಮಲಯಾಳದಲ್ಲಿ ಅಸೂಯೆಗೆ ಕಣ್ಣುಕಡಿ ಅಂತಾರಂತೆ. ಅದನ್ನು ನಮ್ಮವರ ಹತ್ತಿರ ಹೇಳಿದರೆ ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಳ್ಳಿ ಅನ್ನುತ್ತಾರೆ. ತೆಲುಗರದ್ದು ಕಡುಪು ಮಂಟ, ತಮಿಳರದ್ದು ವಯಿತ್ತೆರಿಚ್ಚಲ್, ಎರಡೂ ನಮ್ಮ ಹಾಗೆ ಹೊಟ್ಟೆಯಲ್ಲೇ ಬೆಂಕಿ. ಮರಾಠಿಗರಿಗೂ ಹೊಟ್ಟೆಯೇ, ಆದರೆ ಅಲ್ಲಿ ಉರಿಯುವುದಿಲ್ಲ, ನೋಯುತ್ತದೆ. ಪೋಟದುಖಿ ಅಂದರೆ ಹೊಟ್ಟೆನೋವು, ಅದೇ ಅಸೂಯೆ.

ಎರಡನೇ ಪ್ರಕರಣ ಇದರ ಉಲ್ಟಾ. ಬಿಹಾರದ ಒಬ್ಬ ಹುಡುಗ, ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬಂದ. ರಾತ್ರಿ ಜ್ವರ ಏರಿ ಮಗು ನಡುಗಿತಂತೆ. ಅವನು ಹೇಳಿದ: "ಮೇರೇ ತೋ ಹಾಥ್ ಪೈರ್ ಫೂಲ್ ಗಯೇ." ಆ್ಯಪ್ ಕನ್ನಡದಲ್ಲಿ ಹೇಳಿತು: ನನ್ನ ಕೈಕಾಲುಗಳು ಊದಿಕೊಂಡವು. ನಾನು ಮಗುವಿನ ಚೀಟಿಯಲ್ಲಿ ಜ್ವರ ಅಂತ ಬರೆದೆ, ತಂದೆಗೆ ಇನ್ನೊಂದು ಚೀಟಿ ಮಾಡಿ "ಕೈಕಾಲು ಊತ" ಅಂತ ಬರೆದೆ. ಮೇಡಂ ಅವನ ಪ್ಯಾಂಟು ಮೇಲೆ ಮಡಚಿಸಿ, ಹೆಬ್ಬೆರಳಿನಿಂದ ಕಣಕಾಲಿನ ಹತ್ತಿರ ಒತ್ತಿ, ಗುಳಿ ಬೀಳುತ್ತಾ ಅಂತ ನೋಡಿದರು. ಬೀಳಲಿಲ್ಲ. ಇನ್ನೊಂದು ಕಾಲು ಒತ್ತಿದರು. ಅವನು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಒಂದು ಪ್ಯಾಂಟು ಮಂಡಿವರೆಗೆ ಮಡಚಿಕೊಂಡು, ಜ್ವರ ಮಗುವಿಗೆ, ನನ್ನ ಕಾಲು ಯಾಕೆ ಅಂತ ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತಿದ್ದ. ಹಿಂದಿಯಲ್ಲಿ ಕೈಕಾಲು ಊದಿಕೊಳ್ಳುವುದು ಅಂದರೆ ಗಾಬರಿಯಲ್ಲಿ ಏನು ಮಾಡಬೇಕೋ ತೋಚದೇ ಇರುವುದು. ನಾವು ಕೈಕಾಲೇ ಆಡಲಿಲ್ಲ ಅನ್ನುತ್ತೇವಲ್ಲ, ಅದೇ. ಸಂಜೆ ಸುಮ್ನೆ ಕುತೂಹಲಕ್ಕೆ "ಕೈಕಾಲೇ ಆಡಲಿಲ್ಲ" ಅಂತ ಹಿಂದಿಗೆ ಹಾಕಿ ನೋಡಿದೆ. ಕೈಕಾಲು ಅಲುಗಾಡುತ್ತಿಲ್ಲ ಅಂತ ಬಂತು. ಕೇಳಿದವರು ಲಕ್ವ ಹೊಡೆದಿದೆ ಅಂತ ಆಂಬುಲೆನ್ಸಿಗೆ ಫೋನ್ ಮಾಡಬೇಕು.

ಅಂದರೆ ಅಜ್ಜಿಗೆ ನಿಜವಾಗಿ ಹೊಟ್ಟೆ ಉರಿಯುತ್ತಿದ್ದಾಗ ಅದು ನುಡಿಗಟ್ಟು ಅಂದುಕೊಂಡಿತು, ಈ ಹುಡುಗ ನುಡಿಗಟ್ಟು ಹೇಳಿದಾಗ ನಿಜವಾಗಿ ಊದಿದೆ ಅಂದುಕೊಂಡಿತು. ಒಂದೇ ಕಡೆಗೆ ತಪ್ಪಿದ್ದರೆ ನಾವಾದರೂ ತಿದ್ದಿಕೊಳ್ಳಬಹುದಿತ್ತು. ನನಗೆ ಇದಕ್ಕಿಂತ ಸಿಟ್ಟು ತರಿಸುವುದು ಆ ದನಿ. ಗೊತ್ತಿಲ್ಲದ ಮನುಷ್ಯ ತಡವರಿಸುತ್ತಾನೆ, ಆಗ ನಮಗೆ ಎಚ್ಚರವಾಗುತ್ತದೆ. ಇದು ತಪ್ಪನ್ನೂ ವಾರ್ತೆ ಓದಿದ ಹಾಗೆ ಓದುತ್ತದೆ.

ಮೂರನೆಯದು ನಾನೇ ಮಾಡಿಕೊಂಡ ಎಡವಟ್ಟು. ನಮ್ಮ ಸೆಕ್ಯೂರಿಟಿ ಅಣ್ಣ ಧರ್ಮಪುರಿಯವರು. ಒಂದು ದಿನ ಕರೆಂಟು ಹೋಯಿತು, ಯುಪಿಎಸ್ ಏಳಲಿಲ್ಲ, ಫ್ರಿಜ್ಜಿನಲ್ಲಿ ಇಂಜೆಕ್ಷನ್ ಇವೆ. ನಾನು ಗಡಿಬಿಡಿಯಲ್ಲಿ ಫೋನಿಗೆ "ಯುಪಿಎಸ್ ಕೈಕೊಟ್ಟಿದೆ, ಎಲೆಕ್ಟ್ರಿಶಿಯನ್ನ ಕರೀರಿ" ಅಂದೆ. ತಮಿಳಿನಲ್ಲಿ ಏನು ಹೇಳಿತೋ, ಅಣ್ಣ ಖುಷಿಯಾಗಿ ಸರಿ ಸರಿ ಅಂತ ತಲೆಯಾಡಿಸಿ ಟೀ ಕುಡಿಯಲು ಹೋದರು. ಮುಕ್ಕಾಲು ಗಂಟೆ ಆದ ಮೇಲೆ ಗೊತ್ತಾಗಿದ್ದು, ಯುಪಿಎಸ್ ನಮ್ಮನ್ನು ಕಾಪಾಡಿದೆ, ಎಲೆಕ್ಟ್ರಿಶಿಯನ್ ನಿಧಾನಕ್ಕೆ ಬಂದರೂ ಆಗುತ್ತದೆ ಅಂತ ಅವರು ತಿಳಿದುಕೊಂಡಿದ್ದರು. ತಮಿಳಿನಲ್ಲಿ ಕೈಕೊಡುವುದು ಅಂದರೆ ನೆರವಾಗುವುದು. ಇಂಗ್ಲಿಷಿನಲ್ಲೂ ಹಾಗೇ. ತೆಲುಗಿನಲ್ಲಿ ಚೆಯ್ಯಿಚ್ಚಾಡು ಅಂದರೆ ಮಾತ್ರ ನಮ್ಮ ಹಾಗೆ, ನಂಬಿಸಿ ಕೈಕೊಟ್ಟ ಅಂತ. ಹೊಸೂರು ದಾಟಿದರೆ ಕೈಕೊಟ್ಟವನು ಉಪಕಾರಿ, ಹಿಂದೂಪುರ ದಾಟಿದರೆ ಮೋಸಗಾರ. ಆದರೆ ಕೈಬಿಡುವುದು ಅಂದರೆ ತಮಿಳಿನಲ್ಲೂ ಕೈಬಿಡುವುದೇ! ಕೊಡುವ ಕೈಯಲ್ಲಿ ಜಗಳ, ಬಿಡುವ ಕೈಯಲ್ಲಿ ರಾಜಿ. ಮೂರು ಇಂಜೆಕ್ಷನ್ ಎಸೆಯಬೇಕಾಯಿತು, ಅದರ ದುಡ್ಡು ಆ್ಯಪ್‌ನವರು ಕೊಡುತ್ತಾರಾ?

ಇದಾದ ಮೇಲೆ ನನಗೆ ಹುಚ್ಚು ಹಿಡಿಯಿತು ಅನ್ನಿ. ರಾತ್ರಿ ಊಟ ಆದ ಮೇಲೆ ದಿನಾ ಹತ್ತು ನಿಮಿಷ ಇದನ್ನು ಪರೀಕ್ಷೆ ಮಾಡುವುದೇ ಕೆಲಸ. ಮೇಲಿನ ಮನೆಯ ತೆಲುಗಿನ ಅಕ್ಕ ಜೊತೆಗೆ ಕೂರುತ್ತಿದ್ದರು. "ಹೆತ್ತ ಕರುಳು ಕೇಳಬೇಕಲ್ಲ" ಅಂತ ಹೇಳಿದೆ. ತೆಲುಗಿನಲ್ಲಿ ಏನೋ ಧೈರ್ಯಂ ಅಂತ ಬಂತು. ಅಕ್ಕ ಹೇಳಿದರು, "ತಾಯಿಗೆ ಧೈರ್ಯ ಬೇಕು ಅಂತಿದೆ ಕಣ್ರೀ." ಧೈರ್ಯ ಎಲ್ಲಿಂದ ಬಂತು? ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಇಂಗ್ಲಿಷಿನಲ್ಲಿ ಗಟ್ಸ್ ಅಂದರೆ ಕರುಳು, ಅದೇ ಗಟ್ಸ್ ಅಂದರೆ ಧೈರ್ಯ, ನಾವೂ ಅವನಿಗೆ ಗಟ್ಸ್ ಇದೆ ಕಣೋ ಅಂತ ದಿನಾ ಅನ್ನುತ್ತೇವಲ್ಲ. ಕನ್ನಡದ ಕರುಳು ಇಂಗ್ಲಿಷಿಗೆ ಹೋಗಿ, ಅಲ್ಲಿ ಧೈರ್ಯ ತುಂಬಿಕೊಂಡು, ತೆಲುಗಿಗೆ ಇಳಿದಿದೆ. ಇಂಥ ಎಷ್ಟೋ ಅನುವಾದ ಯಂತ್ರಗಳು ಎರಡು ಭಾಷೆಯ ನಡುವೆ ಇಂಗ್ಲಿಷನ್ನು ಸೇತುವೆ ಮಾಡಿಕೊಳ್ಳುತ್ತವೆ, ಇದೂ ಅದೇ ದಾರಿ ಹಿಡಿದಿದೆ ಅಂತ ನನ್ನ ಅನುಮಾನ. ಮಾಗಡಿಯಿಂದ ಕುಣಿಗಲ್‌ಗೆ ಲಂಡನ್ ಮೇಲೆ ಹೋದ ಹಾಗೆ. ತೆಲುಗಿನಲ್ಲಿ ಪೇಗು ಬಂಧಂ ಅಂತ ನಮ್ಮ ಕರುಳ ಸಂಬಂಧ ಹಾಗೇ ಇದೆ. ಅದೂ ಸಾಲದು ಅಂತ ಕಡುಪು ತೀಪಿ ಅಂತ ಇನ್ನೊಂದು ಇದೆ, ಹೊಟ್ಟೆಯ ಸಿಹಿ, ತಾಯಿಯ ಮಮತೆಗೆ. ಎಂಥ ಮಾತು ನೋಡಿ. ಹೊಟ್ಟೆಗೆ ಉರಿಯನ್ನೂ ಅವರೇ ಹಾಕಿದರು, ಸಿಹಿಯನ್ನೂ ಅವರೇ ಹಾಕಿದರು. ಕನ್ನಡದಲ್ಲಿ ನಮಗೆ ಉರಿ ಸಿಕ್ಕಿತು, ಸಿಹಿ ಕರುಳಿಗೆ ಹೋಯಿತು.

ಮರಾಠಿಗೆ "ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ" ಅಂತ ಕೊಟ್ಟೆ. ಆಫೀಸಿನಲ್ಲಿ ಲ್ಯಾಬ್ ರಿಪೋರ್ಟು ತರುವ ಹುಡುಗ ನಿಪ್ಪಾಣಿಯವನು, ಅವನಿಗೆ ಕೇಳಿಸಿದೆ. "ತಪ್ಪನ್ನ ತಿನ್ನಿ ಅಂತೈತ್ರಿ ಇದು" ಅಂದ. ಮರಾಠಿಯಲ್ಲೂ ಪೋಟಾತ್ ಘಾಲಾ ಅಂತಲೇ ಹೇಳುವುದು, ಹೊಟ್ಟೆಗೆ ಹಾಕಿಕೊಳ್ಳಿ, ಅಂದರೆ ಕ್ಷಮಿಸಿ. ಅಕ್ಷರ ಅಕ್ಷರ ಹೊಂದುವ ಮಾತು ಪಕ್ಕದ ಮನೆಯಲ್ಲೇ ಇದ್ದರೂ ಇದಕ್ಕೆ ಕಾಣಲಿಲ್ಲ.

ಇಂಗ್ಲಿಷಿನಲ್ಲೂ ಇರುವ ಮಾತುಗಳು ಮಾತ್ರ ನೀಟಾಗಿ ದಾಟುತ್ತವೆ. ಮೂಗು ತೂರಿಸುವುದು, ಬೆನ್ನು ತಟ್ಟುವುದು, ಕೈ ತೊಳೆದುಕೊಳ್ಳುವುದು ಇವೆಲ್ಲ ಪಾಸ್. ಮೂಗು ತೂರಿಸಿದ್ದನ್ನು ಅಷ್ಟು ಚೆನ್ನಾಗಿ ಹೇಳಿತಲ್ಲ ಅಂತ ಮೂಗು ಮುರಿಯುವುದನ್ನು ಕೊಟ್ಟೆ. "ಊಟ ಅಂದ್ರೆ ಮೂಗು ಮುರೀತಾಳೆ" ಅಂತ ಒಬ್ಬ ತಾಯಿ ಮಗಳ ಬಗ್ಗೆ ಹೇಳಿದ್ದು. ಊಟದ ಹೊತ್ತಿಗೆ ಮಗಳು ಮೂಗಿನ ಮೂಳೆ ಮುರಿದುಕೊಳ್ಳುತ್ತಾಳೆ ಅಂತ ಬಂತು. ನಿಜವಾಗಿ ಎಕ್ಸ್‌ರೇಗೆ ಕಳಿಸುವಂಥ ಮಾತು.

ಧೈರ್ಯದ ವಿಷಯ ಬಂತಲ್ಲ, ಅದು ಎಲ್ಲಿರುತ್ತದೆ ಅನ್ನುವುದರಲ್ಲೇ ಒಬ್ಬೊಬ್ಬರದು ಒಂದೊಂದು. ನಮಗೆ ಎದೆಗಾರಿಕೆ, ಗುಂಡಿಗೆ. ಇಂಗ್ಲಿಷಿನವರಿಗೆ ಕರುಳು. ಹಿಂದಿಯವರಿಗೆ ಕಲೇಜಾ, ಅಂದರೆ ಮಟನ್ ಅಂಗಡಿಯಲ್ಲಿ ತೂಗಿಕೊಡುವ ಲಿವರ್ರು. ಇಂಡೋನೇಷ್ಯಾದವರಂತೂ ಮನಸ್ಸಿನ ಸಂಸಾರವನ್ನೆಲ್ಲ ಲಿವರಿಗೇ ವಹಿಸಿದ್ದಾರೆ. ಹಾತಿ ಅಂದರೆ ಲಿವರ್, ಹಾತಿ ನೋಯುತ್ತಿದೆ ಅಂದರೆ ಮನಸ್ಸಿಗೆ ನೋವಾಗಿದೆ ಅಂತ, ಹಾತಿ-ಹಾತಿ ಅಂತ ಎರಡು ಸಲ ಅಂದರೆ ಹುಷಾರು. ಭಯವಾದಾಗ ಹಿಂದಿಯವರ ಕಲೇಜಾ ಬಾಯಿಗೆ ಬರುತ್ತದೆ, ಇಂಗ್ಲಿಷಿನವರ ಹೃದಯ ಬಾಯಿಗೆ ಬರುತ್ತದೆ, ನಮಗೆ ಬರುವುದು ಜೀವ. ಜೀವ ಬಾಯಿಗೆ ಬಂತು. ಯಾವ ಅಂಗವೂ ಅಲ್ಲ, ಇಡೀ ಜೀವವೇ.

ನನ್ನ ಅಕ್ಕನ ಮಗ ಜರ್ಮನಿಯಲ್ಲಿದ್ದಾನೆ, ಈ ಆಟ ಕೇಳಿ ಅವನೂ ಒಂದೆರಡು ಕಳಿಸಿದ. ಅಲ್ಲಿ ಯಾವುದಾದರೂ ಪ್ಲಾನು ಸರಿಯಾಗಿದ್ದರೆ ಅದಕ್ಕೆ ಕೈಯೂ ಇದೆ ಕಾಲೂ ಇದೆ ಅನ್ನುತ್ತಾರಂತೆ. ಸರಿಯಿಲ್ಲದಿದ್ದರೆ ಹಿಂದಿಯವರು ತಲೆಕಾಲು ಇಲ್ಲ ಅನ್ನುತ್ತಾರೆ, ಇಂಗ್ಲಿಷಿನವರು ತಲೆ ಯಾವುದು ಬಾಲ ಯಾವುದು ಗೊತ್ತಾಗಲ್ಲ ಅನ್ನುತ್ತಾರೆ. ನಾವು ತಲೆಬುಡ ಇಲ್ಲ ಅನ್ನುತ್ತೇವೆ. ಬುಡ ಅಂದರೆ ಮರದ್ದು! ತಲೆ ಮನುಷ್ಯನದು, ಬುಡ ಮರದ್ದು, ಎರಡನ್ನೂ ಸೇರಿಸಿ ಒಂದು ಮಾತು ಮಾಡಿಕೊಂಡು ಇಷ್ಟು ಕಾಲ ಹಾಯಾಗಿದ್ದೇವೆ. ಇನ್ನೊಂದು, ಯಾರಿಗಾದರೂ ಮೋಸ ಮಾಡಿದರೆ ಜರ್ಮನಿಯಲ್ಲಿ ಕಿವಿ ಮೇಲೆ ಹೊಡೆದ ಅಂತಾರಂತೆ. ನಾವು ಅದೇ ಕಿವಿಗೆ ಹೂವು ಇಡುತ್ತೇವೆ. ತಮಿಳು, ತೆಲುಗಿನವರೂ ಹೂವೇ. ಮೋಸವನ್ನೂ ಮರ್ಯಾದೆಯಾಗಿ ಮಾಡುವ ಜನ.

ಇಷ್ಟೆಲ್ಲದರಲ್ಲಿ ಕ್ಲಿನಿಕ್ಕಿಗೆ ನಿಜವಾಗಿ ಅಪಾಯ ಅನಿಸಿದ್ದು ಒಂದು ತೀರಾ ಸಣ್ಣ ಮಾತು. "ನನ್ ಕೈಲಿ ಆಗಲ್ಲ." ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಮಂಡಿನೋವಿನ ಒಬ್ಬರು "ನನ್ ಕೈಲಿ ಮೆಟ್ಲು ಹತ್ತಕ್ಕಾಗಲ್ಲ" ಅಂದರು. ಆ್ಯಪ್ ಹೇಳಿದ್ದು: ನನ್ನ ಕೈಯಿಂದ ಮೆಟ್ಟಿಲು ಹತ್ತಲು ಆಗುವುದಿಲ್ಲ. ಮೇಡಂ ಪಾಪ ಭುಜ ನೋಯುತ್ತಾ ಅಂತ ಕೇಳಿದರು, ರೇಲಿಂಗ್ ಹಿಡಿಯಲು ಆಗುತ್ತಿಲ್ಲವೇನೋ ಅಂತ. ಕಾಲು ನೋವಿದ್ದವರೂ ಕೈಲಿ ಆಗಲ್ಲ ಅನ್ನುತ್ತಾರೆ, ಉಸಿರು ಕಟ್ಟುವವರೂ ಕೈಲಿ ಆಗಲ್ಲ ಅನ್ನುತ್ತಾರೆ, ಸಾಲ ತೀರಿಸಲಾರದವರೂ ಅದನ್ನೇ ಅನ್ನುತ್ತಾರೆ. ಇಲ್ಲಿ ಕೈ ಅನ್ನುವುದು ಕೈಯಾಗಿ ಉಳಿದೇ ಇಲ್ಲ, ಅದು ಬರೀ ವ್ಯಾಕರಣ. ಅವನ ಕೈಲಿ ಹೇಳಿಸಿದೆ ಅಂದರೆ ಹೇಳಿದ್ದು ಬಾಯಿ ಅಲ್ವಾ? ಹೊಟ್ಟೆಯುರಿ, ಮೂಗು ಮುರಿ ಇಂಥವು ಬಂದಾಗ ಏನೋ ವಿಚಿತ್ರ ಅಂತ ಯಾರಿಗಾದರೂ ಅನಿಸುತ್ತದೆ, ನಗುತ್ತೇವೆ, ಮತ್ತೆ ಕೇಳುತ್ತೇವೆ. ಈ ಕೈ ಸದ್ದಿಲ್ಲದೆ ಚೀಟಿಯಲ್ಲಿ ಕೂತುಬಿಡುತ್ತದೆ. ಮಂಡಿಗೆ ಬಂದವರಿಗೆ ಭುಜಕ್ಕೆ ಮುಲಾಮು ಬರೆಸಿಕೊಡುವುದು ಇಂಥ ಮಾತೇ.

ಉಳಿದದ್ದು ಚುಟುಕಾಗಿ. ದನಿ ಸ್ಪಷ್ಟ. ಫ್ಯಾನ್ ಸದ್ದಿನಲ್ಲೂ ಮಾತು ಹಿಡಿಯುತ್ತದೆ. ಹಳ್ಳಿ ಮಾತು ಅರ್ಧ ಹಿಡಿಯುತ್ತದೆ, ಉತ್ತರ ಕರ್ನಾಟಕದ್ದು ಅದಕ್ಕಿಂತ ಕಡಿಮೆ. ಇಂಟರ್‌ನೆಟ್ ಇಲ್ಲದಿದ್ದರೆ ಕೆಲಸ ಮಾಡುತ್ತದೆ ಅಂತ ಬರೆದಿದ್ದಾರೆ, ಕನ್ನಡಕ್ಕೆ ಮಾಡುವುದಿಲ್ಲ. ಬ್ಯಾಟರಿ ತಿನ್ನುತ್ತದೆ. ಕಸ್ಟಮರ್ ಕೇರ್‌ಗೆ ಹೊಟ್ಟೆಯುರಿ ವಿಷಯ ಬರೆದೆ, ಎರಡು ದಿನಕ್ಕೆ ಉತ್ತರ ಬಂತು, "ನಿಮಗಾದ ಅಸೂಯೆಗೆ ವಿಷಾದಿಸುತ್ತೇವೆ" ಅಂತ. ಸುಳ್ಳಲ್ಲ, ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ.

ಒಂದೊಂದು ಪದಕ್ಕೆ ಅರ್ಥ ಬೇಕಿದ್ದರೆ ದುಡ್ಡು ಕೊಡಬೇಕಾಗಿಯೇ ಇಲ್ಲ. ವಿ. ಕೃಷ್ಣ ಅವರ ಅಲರ್ ನಿಘಂಟು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ, ಒಂದೂವರೆ ಲಕ್ಷಕ್ಕೂ ಜಾಸ್ತಿ ಕನ್ನಡ ಪದಗಳಿವೆ. ಮೇಡಂ ಈಗ ಅದನ್ನೇ ತೆರೆದಿಟ್ಟುಕೊಳ್ಳುತ್ತಾರೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಪದದ ಜೊತೆಗೆ ಗಾದೆಗಳನ್ನೂ ಕೊಟ್ಟಿದ್ದಾರೆ, ಕಿಟೆಲ್ ಅವರೂ ಹೊರಗಿನಿಂದ ಬಂದು ಕನ್ನಡ ಕಲಿತವರೇ, ಪದ ಒಂದನ್ನೇ ಕೊಟ್ಟರೆ ಸಾಲದು ಅಂತ ಅವರಿಗೆ ಗೊತ್ತಿತ್ತು ಅನಿಸುತ್ತದೆ. ಇವು ಮಾತಾಡುವುದಿಲ್ಲ, ಹುಡುಕಿ ಓದಬೇಕು, ಕ್ಯೂನಲ್ಲಿ ಹದಿನೈದು ಜನ ಕೂತಿದ್ದಾಗ ಅದು ಕಷ್ಟ. ಅದಕ್ಕೆ ಕೌಂಟರಿನಲ್ಲಿ ಒಂದು ಲಾಂಗ್ ನೋಟ್‌ಬುಕ್ ಇಟ್ಟಿದ್ದೇವೆ. ಎಡಕ್ಕೆ ಪೇಷಂಟ್ ಹೇಳಿದ್ದು, ಬಲಕ್ಕೆ ಅದರ ಅರ್ಥ. ಹಿಂದಿಯದ್ದನ್ನು ಆ ಬಿಹಾರದ ಹುಡುಗನೇ ಬರೆಸುತ್ತಾನೆ, ಮಗಳಿಗೆ ಲಸಿಕೆ ಹಾಕಿಸಲು ಬಂದಾಗೆಲ್ಲ ಎರಡು ಮೂರು ಹೇಳಿ ಹೋಗುತ್ತಾನೆ. ಈಗ ಎಂಬತ್ತು ಚಿಲ್ಲರೆ ಸಾಲಾಗಿದೆ.

ತಗೋಬೇಕಾ ಬೇಡವಾ ಅಂತ ಕೇಳಿದರೆ, ಊರು ಸುತ್ತಲು, ಅಂಗಡಿ ವ್ಯವಹಾರಕ್ಕೆ ತಗೊಳ್ಳಿ, ಮೋಸವಿಲ್ಲ. ಆಸ್ಪತ್ರೆ, ಪೊಲೀಸ್ ಸ್ಟೇಷನ್, ಹೆಣ್ಣು ನೋಡಲು ಹೋಗುವ ಮನೆ, ಇಲ್ಲಿಗೆಲ್ಲ ಬೇಡವೇ ಬೇಡ. ಮೊದಲ ಏಳು ದಿನ ಪುಕ್ಕಟೆ ಇರುತ್ತದೆ, ಅಷ್ಟರಲ್ಲಿ ನೋಡಿಕೊಳ್ಳಿ. ಕಾರ್ಡ್ ಹಾಕಿದ್ದರೆ ಮುಂದಿನ ವರ್ಷದ ದುಡ್ಡು ತಾನಾಗಿ ಕಟ್ಟಾಗುತ್ತದೆ. ಅದನ್ನು ನಿಲ್ಲಿಸುವ ಬಟನ್ ಸೆಟ್ಟಿಂಗ್ಸ್, ಪ್ರೊಫೈಲ್, ಅದರೊಳಗೆ ಪ್ಲಾನ್ ಅಂತ ಮೂರು ಬಾಗಿಲು ದಾಟಿದ ಮೇಲೆ ಬೂದು ಬಣ್ಣದಲ್ಲಿದೆ, ಕಣ್ಣಿಗೆ ಬೀಳುವುದಿಲ್ಲ, ಎರಡು ಸಲ ಒತ್ತಬೇಕು.